ಗುಂಡಯ್ಯನ ಗಾಳ

ಪೈಪು ಕ್ಲಾಂಪಿನಿಂದ ಜಾರಿ ಬೋರಿನೊಳಗೆ ಇಳಿದುಹೋದ ಮೇಲೆ ಸದ್ದು ಮೇಲೆ ಬರುವುದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು. ಮೊದಲು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಕರ್ಕಶ, ಆಮೇಲೆ ಏನೂ ಇಲ್ಲ, ಆಮೇಲೆ ಕಾಲಡಿಯ ನೆಲದೊಳಗಿಂದ ಒಂದು ದೊಡ್ಡ ಧಡ್. ಇನ್ನಾಸಪ್ಪನ ಬಲಗೈ ಇನ್ನೂ ಹಣೆಯ ಮೇಲೇ ಇತ್ತು. ಜೇಬಿನಲ್ಲಿ ಮೊಬೈಲು ಮಧ್ಯಾಹ್ನ ಹನ್ನೆರಡರ ಪ್ರಾರ್ಥನೆಯ ಗಂಟೆಯನ್ನು ಬಾರಿಸುತ್ತಲೇ ಇತ್ತು.

ಆದದ್ದು ಇಷ್ಟೇ. ಚನ್ನರಾಯಪಟ್ಟಣದ ಸುತ್ತಮುತ್ತ ಕೆಟ್ಟ ಪಂಪುಗಳನ್ನು ಬೋರಿನಿಂದ ಎತ್ತುವುದು, ಇಳಿಸುವುದು ಇನ್ನಾಸಪ್ಪನ ಕಸುಬು. ಒಂದೊಂದು ಪೈಪು ಮೇಲೆ ಬಂದಾಗಲೂ ಕೆಳಗೆ ಉಳಿದ ಸಾಲನ್ನು ಬೋರಿನ ಬಾಯಲ್ಲಿ ಕ್ಲಾಂಪು ಹಾಕಿ ಬಿಗಿಯಬೇಕು, ಬಿಗಿದ ಮೇಲೆ ಕೈ ಎತ್ತಿ ತೋರಿಸಬೇಕು, ಆಗ ಟ್ರ್ಯಾಕ್ಟರ್ ಕ್ರೇನಿನ ಮೇಲೆ ಕೂತ ಸಿದ್ದರಾಜು ಹಗ್ಗ ಸಡಿಲ ಬಿಡಬೇಕು. ಹನ್ನೆರಡು ಹೊಡೆದಾಗ ಎಲ್ಲಿದ್ದರೂ ಶಿಲುಬೆಯ ಗುರುತು ಹಾಕಿಕೊಳ್ಳುವುದು ಇನ್ನಾಸಪ್ಪನಿಗೆ ಮೂವತ್ತು ವರ್ಷದ ರೂಢಿ. ಈ ಮಂಗಳವಾರ ಕ್ಲಾಂಪಿನ ಎರಡನೇ ಬೋಲ್ಟು ಬಿಗಿಯುವ ಮೊದಲೇ ಮೊಬೈಲು ಬಡಿದುಕೊಂಡಿತು, ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು, ಅದನ್ನೇ ಸನ್ನೆಯೆಂದುಕೊಂಡು ಸಿದ್ದರಾಜು ಹಗ್ಗ ಬಿಟ್ಟ. ದೇವರನ್ನು ನೆನೆದ ಕೈಯೇ ಮೋಟಾರನ್ನು ಪಾತಾಳಕ್ಕೆ ಕಳಿಸಿಬಿಟ್ಟಿತು.

ತೋಟದ ಯಜಮಾನ ಧರಣೇಂದ್ರಯ್ಯ ಕೊಬ್ಬರಿ ವ್ಯಾಪಾರದವರು. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಸದ್ದಿಗೆ ಎದ್ದು ಬಂದು, ಬೋರಿನ ಬಾಯನ್ನೂ ಇನ್ನಾಸಪ್ಪನ ಮುಖವನ್ನೂ ಒಮ್ಮೆ ನೋಡಿದರು. ಸಿದ್ದರಾಜು ಅವಸರ ಮಾಡಿ ಹಗ್ಗ ಬಿಟ್ಟ ಎಂದು ಇನ್ನಾಸಪ್ಪ ಹೇಳಿಬಿಟ್ಟ. ಬಾಯಿಂದ ಮಾತು ಹೊರಬಿದ್ದ ಮೇಲೆ ಅದು ಪೂರ್ತಿ ಸುಳ್ಳಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸಿದ್ದರಾಜು ಟ್ರ್ಯಾಕ್ಟರಿನಿಂದ ಇಳಿಯಲೂ ಇಲ್ಲ. "ಕೈ ಎತ್ತಿದ್ದು ನೀನು ಕಣಣ್ಣ," ಎಂದ. "ನನ್ ಮ್ಯಾಲೆ ಆಕ್‌ಬ್ಯಾಡ."

ಧರಣೇಂದ್ರಯ್ಯನವರಿಗೆ ಯಾರ ಕೈ ಎಂಬುದು ಬೇಕಿರಲಿಲ್ಲ. ಕೊರೆಸಿದ ನಾಲ್ಕು ಬೋರಿನಲ್ಲಿ ಮೂರು ಬರಿದು, ನೀರು ಕಂಡದ್ದು ಇದೊಂದೇ. ಮನೆಗೆ, ದನಕ್ಕೆ, ಮುನ್ನೂರು ತೆಂಗಿಗೆ, ಊರಿನ ಬಸದಿಯ ತೊಟ್ಟಿಗೆ ಇದರದೇ ನೀರು. ಸುಟ್ಟ ಮೋಟಾರು ಹೋದರೆ ಹೋಗಲಿ, ಹತ್ತೊಂಬತ್ತು ಪೈಪಿನ ಸಮೇತ ಅದು ಒಳಗೆ ಕೂತು ಬೋರಿಗೇ ಬಿರಡೆ ಹಾಕಿತ್ತು. ಕದಡಿದ ಮರಳು ಎರಡು ಮೂರು ದಿನದಲ್ಲಿ ಅದರ ಸುತ್ತ ಕೂತು ಗಟ್ಟಿಯಾದರೆ ಮತ್ತೆ ಯಾರ ಕೈಯಿಂದಲೂ ಆಗುವುದಿಲ್ಲ. ಇದು ಧರಣೇಂದ್ರಯ್ಯನವರಿಗೂ ಇನ್ನಾಸಪ್ಪನಿಗೂ ಗೊತ್ತಿತ್ತು. ಒಬ್ಬ ಯಜಮಾನನ ಬೋರು ಮುಚ್ಚಿದ ಮಿಸ್ತ್ರಿಯನ್ನು ಇನ್ನೊಬ್ಬ ಯಜಮಾನ ಗೇಟಿನೊಳಗೆ ಬಿಡುವುದಿಲ್ಲ ಎಂಬುದೂ ಗೊತ್ತಿತ್ತು.

"ಶುಕ್ರವಾರ ಸಂಜೆವರ್ಗೂ ನೋಡ್ತೀನಿ," ಎಂದರು ಧರಣೇಂದ್ರಯ್ಯ. "ಹೊಳೆನರಸೀಪುರದ ಗುಂಡಯ್ಯನ್ನ ಕರ್ಕಂಡ್ ಬಾ."

"ನಾನೇ ಎತ್ತುತೀನಿ ಸಾ. ದೇವರವ್ನೆ."

"ದೇವರು ಇರಲಿ. ನನ್ನ ಬೋರಿಗೆ ಗುಂಡಯ್ಯ ಬೇಕು."

ಗುಂಡಯ್ಯನ ಹೆಸರು ಕೇಳಿದರೆ ಇನ್ನಾಸಪ್ಪನಿಗೆ ಮೈಯೆಲ್ಲ ಉರಿ. ಹದಿನಾಲ್ಕು ವರ್ಷ ಅವನ ಕೈಕೆಳಗೆ ದುಡಿದಿದ್ದ. ಕ್ಲಾಂಪು ಹಾಕುವುದು, ಪೈಪು ತಿರುಗಿಸುವ ಪಾನಾ ಹಿಡಿಯುವುದು, ಪೈಪಿಗೆ ಕಿವಿಯಿಟ್ಟು ಕೆಳಗಿನ ನೀರಿನ ಮಟ್ಟ ಹೇಳುವುದು, ಎಲ್ಲವನ್ನೂ ಕಲಿಸಿದವನು ಅವನೇ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟೆಯಿಂದ ಹಲ್ಲು ಮಾಡಿ, ಬೋರಿಗೆ ಬಿದ್ದ ಪೈಪನ್ನು ಕಚ್ಚಿ ಹಿಡಿಯುವ ಒಂದು ಗಾಳವನ್ನು ಗುಂಡಯ್ಯ ತಾನೇ ತಯಾರಿಸಿಕೊಂಡಿದ್ದ. ಅದನ್ನು ಆಡಿಸುವುದೊಂದನ್ನು ಮಾತ್ರ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅವನ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬೋರಿನ ಬಾಯಲ್ಲಿ ಯಾವಾಗಲೂ ಇಬ್ಬರು ಇರಬೇಕು. ಒಬ್ಬ "ಇಡ್ಕಂಡ್ಯಾ?" ಎಂದು ಕೇಳಬೇಕು, ಇನ್ನೊಬ್ಬ "ಇಡ್ಕಂಡೆ" ಎಂದು ಬಾಯಿ ಬಿಟ್ಟು ಹೇಳಬೇಕು. ಆ ಮಾತು ಬಾರದೆ ಯಾರೂ ಕೈ ಬಿಡುವಂತಿಲ್ಲ.

ಹನ್ನೊಂದು ವರ್ಷದ ಹಿಂದೆ, ಏಸು ಶಿಲುಬೆಗೇರಿದ ಶುಭ ಶುಕ್ರವಾರದಂದು, ಆ ಕಟ್ಟುನಿಟ್ಟು ಮುರಿಯಿತು. ಆ ವರ್ಷ ಮೊದಲ ಸಲ ಚರ್ಚಿನಲ್ಲಿ ಮೂರು ಗಂಟೆಯ ಪ್ರಾರ್ಥನೆಗೆ ದೊಡ್ಡ ಮರದ ಶಿಲುಬೆಯನ್ನು ಹಿಡಿದು ನಿಲ್ಲುವ ಕೆಲಸ ಇನ್ನಾಸಪ್ಪನ ಪಾಲಿಗೆ ಬಂದಿತ್ತು. ಊರಿಗೂರೇ ಒಬ್ಬೊಬ್ಬರಾಗಿ ಬಂದು ಮುತ್ತಿಡುವ ಶಿಲುಬೆ ಅದು. ಬೇಗ ಬಿಡಬೇಕೆಂದು ಗುರುವಾರವೇ ಗುಂಡಯ್ಯನಿಗೆ ಹೇಳಿದ್ದ, ಅವನೂ ಹೂಂ ಎಂದಿದ್ದ. ಆದರೆ ಎರಡೂವರೆಯಾದರೂ ಪೈಪು ಮುಗಿಯಲಿಲ್ಲ. ಇನ್ನಾಸಪ್ಪ ಹಗ್ಗವನ್ನು ಒಬ್ಬ ಕೂಲಿಯವನ ಕೈಗೆ ಕೊಟ್ಟು ಸೈಕಲ್ ಹತ್ತಿದ. ಬೇಲಿ ದಾಟುವಷ್ಟರಲ್ಲಿ ಹಗ್ಗ ಕೂಲಿಯವನ ಕೈ ಮೀರಿತು, ಗುಂಡಯ್ಯನ ಎಡಗೈಯ ಎರಡು ಬೆರಳು ಕ್ಲಾಂಪಿಗೂ ಬೋರಿನ ಕೇಸಿಂಗ್ ಕೊಳವೆಗೂ ನಡುವೆ ಸಿಕ್ಕಿ ಹೋದವು.

"ಇನ್ನಾಸ, ಇಡ್ಕಳ್ಳಾ" ಎಂದು ಗುಂಡಯ್ಯ ಹಿಂದಿನಿಂದ ಕೂಗಿದ್ದನ್ನು ಪಕ್ಕದ ಹೊಲದವರೆಲ್ಲ ಕೇಳಿಸಿಕೊಂಡಿದ್ದರು. ಇನ್ನಾಸಪ್ಪ ಮಾತ್ರ ತನಗೆ ಕೇಳಿಸಲೇ ಇಲ್ಲ ಎಂದ. ಅಂದಿನಿಂದ ಇಂದಿನವರೆಗೆ ಅದೊಂದೇ ಮಾತು. ಹೆಂಡತಿ ಲೂರ್ದಮ್ಮ ಕೇಳಿದಾಗಲೂ ಅದೇ, ಪಾಪನಿವೇದನೆಗೆ ಚರ್ಚಿನ ಗುರುಗಳ ಮುಂದೆ ಮಂಡಿಯೂರಿದಾಗ ಆ ಮಾತೇ ಇಲ್ಲ. ಪಾಪವಾಗಿದ್ದರೆ ತಾನೇ ಹೇಳುವುದು? ತಾನು ಸಾರಾಯಿ ಅಂಗಡಿಗೆ ಹೋದದ್ದಲ್ಲ, ಶಿಲುಬೆ ಹಿಡಿಯಲು ಹೋದದ್ದು. ಆಮೇಲೆ ಸ್ವಂತ ಕೆಲಸ ಹಿಡಿದ. ಬೋರಿನ ಬಾಯಲ್ಲಿ ಎರಡನೆಯವನೇ ಬೇಡವೆಂದು ಕೈಸನ್ನೆಯಲ್ಲೇ ಎಲ್ಲ ನಡೆಸಿದ. ಮನುಷ್ಯರ ಹತ್ತಿರ ಕೈ ಚಾಚದೆ ದೇವರ ಹತ್ತಿರ ಮಾತ್ರ ಕೇಳುವವನು ತಾನು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಕೇಳುವವರಿಗೆ ಅದು ಭಕ್ತಿಯಂತೆ ಕಾಣುತ್ತಿತ್ತು.

ಪೈಪು ಬಿದ್ದ ಸಂಜೆಯೂ ಹಾಗೇ ಕೇಳಿದ. ಮಂಗಳವಾರ ಸಂತ ಅಂತೋಣಿಯವರ ದಿನ, ಕಳೆದ ವಸ್ತು ಹುಡುಕಿಕೊಡುವ ಸಂತರು ಅವರು. ಬೀಗದ ಕೈಯಿಂದ ಹಿಡಿದು ತಪ್ಪಿಸಿಕೊಂಡ ಮೇಕೆಯವರೆಗೆ ಜನ ಅವರ ಮುಂದೆ ಮೊರೆಯಿಡುತ್ತಾರೆ. ಇನ್ನಾಸಪ್ಪ ಇನ್ನೂರನಲವತ್ತು ಅಡಿ ಆಳದಲ್ಲಿರುವ ಪೈಪಿನ ತುದಿಯನ್ನು ಹುಡುಕಿಕೊಡಿ ಎಂದು ಬೇಡಿಕೊಂಡು, ಅವರ ಚರ್ಚಿರುವ ದೋರನಹಳ್ಳಿಗೆ ನಡೆದೇ ಬರುತ್ತೇನೆಂದು ಹರಕೆ ಹೊತ್ತ. ಬುಧವಾರವಿಡೀ ಯಾರಿಂದಲೋ ತಂದ ಕೊಕ್ಕೆಯನ್ನು ಬೋರಿಗಿಳಿಸಿ ಕೆದಕಿದ. ಕೊಕ್ಕೆ ಪೈಪಿಗೆ ತಾಗುವುದು ತಿಳಿಯುತ್ತಿತ್ತು, ಕಚ್ಚುವುದು ತಿಳಿಯುತ್ತಿರಲಿಲ್ಲ. ಸಂಜೆಗೆ ಕೊಕ್ಕೆಯ ತುದಿಯಲ್ಲಿ ಹಿಡಿ ಮರಳು ಬಂತು. ಧರಣೇಂದ್ರಯ್ಯ ಆ ಮರಳನ್ನು ಬೆರಳಲ್ಲಿ ಉಜ್ಜಿ ನೋಡಿ ಮನೆಯೊಳಗೆ ಹೋದರು.

"ಅಂತೋಣಿಯಪ್ಪ ಬೋರಿನೊಳಕ್ಕೆ ಇಳೀತಾರಾ?" ಎಂದಳು ಲೂರ್ದಮ್ಮ ರಾತ್ರಿ ಊಟಕ್ಕಿಡುತ್ತ. "ಅವ್ರು ಯಾರತ್ರ ಓಗ್ಬೇಕು ಅಂತ ತೋರಿಸ್ತಾರೆ ಅಷ್ಟೇಯ. ತೋರಿಸಿ ಆಯ್ತು. ನಿನ್ ಕಾಲು ಏಳ್ತಾ ಇಲ್ಲ."

ಗುರುವಾರ ಬೆಳಿಗ್ಗೆ ಕಾಲು ಎದ್ದಿತು. ಹೊಳೆನರಸೀಪುರದವರೆಗೂ ಬೈಕಿನ ಮೇಲೆ ಮಾತು ಜೋಡಿಸಿಕೊಂಡೇ ಹೋದ. ಗುಂಡಯ್ಯನ ಮನೆ ಮುಂದಿನ ತಗಡಿನ ಚಪ್ಪರದಲ್ಲಿ ಗಾಳ ಮೊದಲಿನಂತೆಯೇ ಮೊಳೆಗೆ ನೇತುಬಿದ್ದಿತ್ತು, ಎಣ್ಣೆ ಸವರಿ ಮಿರಿಮಿರಿ ಅನ್ನುತ್ತಿತ್ತು. ಗುಂಡಯ್ಯನ ಹೆಂಡತಿ ಕೃಷ್ಣಮ್ಮ ಹೊಸಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಹಿಂದೆಲ್ಲ ಇವನಿಗೆ ಮುದ್ದೆ ಬಡಿಸಿ ಇನ್ನೊಂದು ಹಾಕ್ಲಾ ಎಂದು ಕೇಳುತ್ತಿದ್ದ ಕೈ ಅದು. ಈಗ ಇವನನ್ನು ಕಂಡು ಮೊರವನ್ನು ಎತ್ತಿಕೊಂಡು ಒಳಗೆ ನಡೆದಳು. ಒಳಗಿನಿಂದಲೇ, ಯಾರೋ ಬಂದವರೆ ಎಂದು ಗಂಡನಿಗೆ ಹೇಳಿದ್ದು ಕೇಳಿಸಿತು. ಹದಿನಾಲ್ಕು ವರ್ಷ ಉಂಡ ಮನೆಯಲ್ಲಿ ತಾನು ಯಾರೋ ಆಗಿದ್ದಕ್ಕೆ ಇನ್ನಾಸಪ್ಪನಿಗೆ ನಿಜಕ್ಕೂ ನೋವಾಯಿತು.

ಗುಂಡಯ್ಯ ಬಂದವನು ಕೂರು ಎನ್ನಲಿಲ್ಲ. ಅರವತ್ತು ದಾಟಿದ್ದ, ಮೀಸೆ ಪೂರ್ತಿ ಬಿಳಿ. ಎಡಗೈಯನ್ನು ಟವೆಲ್ಲಿನೊಳಗೆ ಬಚ್ಚಿಡದೆ ಬೇಕೆಂದೇ ಮೊಣಕಾಲ ಮೇಲೆ ಚಾಚಿಟ್ಟುಕೊಂಡು ಕೂತ. ಹೆಬ್ಬೆರಳು, ಪಕ್ಕದ ಎರಡು ಬೆರಳು, ಆಮೇಲೆ ನಯವಾದ ಚರ್ಮ. ಇನ್ನಾಸಪ್ಪ ಅದನ್ನು ನೋಡದಂತೆ ಗೋಡೆಯ ಗಾಳ ನೋಡುತ್ತ ಬೋರಿನ ಆಳ, ಪೈಪಿನ ಲೆಕ್ಕ, ಮರಳು ಬಂದದ್ದು ಎಲ್ಲ ಹೇಳಿದ. ಮಧ್ಯಾಹ್ನದ ಗಂಟೆಯ ವಿಷಯ ಹೇಳಲಿಲ್ಲ.

"ಯಾರು ಕರೀತಾ ಇರಾದು?" ಗುಂಡಯ್ಯ ಕೇಳಿದ. "ನೀನಾ, ಅವ್ರಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಬಿಟ್ಟು ಇನ್ನಾಸಪ್ಪ ಬೇರೆಯದೇ ಹೇಳಿದ. "ಧರಣೇಂದ್ರಯ್ಯನೋರು ಏಳಿದ್ರು ಗುಂಡಣ್ಣ. ಅದ್ಕೇ ಬಂದೆ."

"ಅಂಗಾರೆ ಅವ್ರ್ಗೋಸ್ಕರ ಬತ್ತೀನಿ. ನಿಂಗಲ್ಲ." ಗುಂಡಯ್ಯ ಗೋಡೆಯ ಕ್ಯಾಲೆಂಡರನ್ನು ನೋಡಿ, ಕೆಂಪು ಅಂಕಿಯ ಮೇಲೆ ಒಂದು ಬೆರಳಿಟ್ಟ. "ನಾಳೆ ಅನ್ನೆರಡಕ್ಕೆ ಸುರು. ಮೂರು ಗಂಟೆ ಒತ್ಗೆ ಗಾಳ ಕಚ್ಚಿರ್ತದೆ. ಕಚ್ಚಿದ್ ಮ್ಯಾಲೆ ಪಾನಾ ಇಡ್ಯೋನು ನೀನೇ. ಮಧ್ಯ ಬುಟ್ಟು ಓಗಂಗಿಲ್ಲ."

ನಾಳೆಯದು ಶುಭ ಶುಕ್ರವಾರವೆಂದು ಗುಂಡಯ್ಯನಿಗೆ ಗೊತ್ತೇ ಇತ್ತು. ಆ ದಿನವನ್ನು ಅವನು ಮರೆಯುವುದಾದರೂ ಹೇಗೆ? ಇನ್ನಾಸಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬೇಡ ಹೋಗಯ್ಯ ಎಂದು ಬೈಕ್ ತಿರುಗಿಸಬೇಕೆನಿಸಿತು. ಧರಣೇಂದ್ರಯ್ಯನವರ ಬೆರಳಲ್ಲಿ ಉಜ್ಜಿಹೋದ ಮರಳು ನೆನಪಾಗಿ ಹೂಂ ಎಂದ.

ಆ ಸಂಜೆ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಗುರುಗಳ ಹತ್ತಿರ ಹೋಗಿ, ನಾಳೆ ಮೂರು ಗಂಟೆಗೆ ಬರಲಾಗುವುದಿಲ್ಲ, ಹನ್ನೊಂದು ವರ್ಷದಿಂದ ಶಿಲುಬೆ ಹಿಡಿದವನು ತಾನು, ಈಗ ಹೇಗೆ ಎಂದು ಕೈ ಹಿಸುಕಿಕೊಂಡ. ಬೇಡ, ಕೆಲಸ ಬಿಟ್ಟು ಬಾ ಎಂದು ಅವರಾದರೂ ಗದರಲಿ ಎಂಬ ಆಸೆ ಇತ್ತು. ಹಾಗೆ ಗದರಿದ್ದರೆ ಗುಂಡಯ್ಯನಿಗೆ ಹೇಳುವುದಕ್ಕೊಂದು ನೆಪ ಸಿಗುತ್ತಿತ್ತು. ಗುರುಗಳು ನಲವತ್ತೂ ಆಗದ ಮನುಷ್ಯ, ಮೇಣದಬತ್ತಿ ಎಣಿಸುತ್ತಿದ್ದವರು, ಯಾರಾದರೂ ಹಿಡಿಯುತ್ತಾರೆ ಬಿಡಪ್ಪ, ನೀನು ಕೆಲಸ ನೋಡು ಎಂದರು. ಹನ್ನೊಂದು ವರ್ಷದ ಶಿಲುಬೆ ಅಷ್ಟು ಸುಲಭಕ್ಕೆ ಬೇರೆಯವರ ಕೈಗೆ ಹೋಯಿತು. ಮನೆಗೆ ನಡೆಯುತ್ತ ಇನ್ನಾಸಪ್ಪನಿಗೆ ಅಳು ಬಂದ ಹಾಗಾಯಿತು.

ಶುಕ್ರವಾರ ಬಿಸಿಲು ನೆಲ ಸುಡುವಂತಿತ್ತು. ಒಪ್ಪೊತ್ತಿನ ದಿನವಾದ್ದರಿಂದ ಇನ್ನಾಸಪ್ಪ ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಧರಣೇಂದ್ರಯ್ಯನವರ ಹೆಂಡತಿ ಜಿನಮ್ಮ ಎಲ್ಲರಿಗೂ ಮಜ್ಜಿಗೆ ಕಳಿಸಿದ್ದರು. ಉಪವಾಸ ಎಂದು ಇವನು ಹೇಳಿದಾಗ, ತಮ್ಮದೂ ವ್ರತ ಉಪವಾಸಗಳ ಮನೆಯಾದ್ದರಿಂದ, ಅವರು ಎರಡನೇ ಮಾತಾಡದೆ ಲೋಟ ವಾಪಸು ತರಿಸಿಕೊಂಡರು. ಆ ಮೂರು ದಿನದಲ್ಲಿ ಯಾರಾದರೂ ತೋರಿದ ಮರ್ಯಾದೆ ಎಂದರೆ ಅದೊಂದೇ. ಸಿದ್ದರಾಜು ಮುಖ ಆ ಕಡೆ ತಿರುಗಿಸಿಕೊಂಡೇ ಕ್ರೇನಿನ ಲಿವರ್ ಹಿಡಿದಿದ್ದ.

ಗುಂಡಯ್ಯ ಬಂದವನೇ ಕೆಲಸಕ್ಕಿಳಿದ. ಮೊದಲ ಪೈಪಿನ ತುದಿಗೆ ಗಾಳ ಕಟ್ಟಿ, ಒಂದಕ್ಕೊಂದು ಜೋಡಿಸುತ್ತ ಹನ್ನೆರಡು ಪೈಪು ಇಳಿಸಿದ. ಗಾಳ ತಾಗಿದಾಗ ಮೇಲಿನ ಪೈಪಿನ ಮೇಲೆ ಮೂರು ಬೆರಳಿನ ಕೈಯಿಟ್ಟು ಕಣ್ಣು ಮುಚ್ಚಿದ. ಬಲಕ್ಕೆ ಕಾಲು ಸುತ್ತು, ನಿಲ್ಲಿಸಿ, ಮತ್ತೆ ಕಾಲು ಸುತ್ತು. ಇನ್ನಾಸಪ್ಪ ಉಸಿರು ಹಿಡಿದು ನೋಡಿದ. ಹದಿನಾಲ್ಕು ವರ್ಷ ನೋಡಿಯೂ ಕಲಿಯಲಾಗದ್ದು ಇದೇ. ಎರಡೂಕಾಲಿಗೆ ಗುಂಡಯ್ಯ ಕಣ್ಣು ತೆರೆದು, ಎತ್ತು ಎಂದು ಸಿದ್ದರಾಜುವಿಗೆ ತಲೆಯಾಡಿಸಿದ. ಹಗ್ಗ ಬಿಗಿಯಿತು, ಟ್ರ್ಯಾಕ್ಟರಿನ ಹಿಂದಿನ ಗಾಲಿ ನೆಲಕ್ಕೆ ಇಳಿಯಿತು, ಪೈಪು ಇಂಚಿಂಚಾಗಿ ಮೇಲೆ ಬಂತು. ಧರಣೇಂದ್ರಯ್ಯನವರು ಕೊಡೆಯನ್ನು ಮಡಿಸಿ ಹತ್ತಿರ ಬಂದರು.

ಇನ್ನು ಇದ್ದದ್ದು ಒಂದೇ ಗಂಡಾಂತರ. ಬಲಕ್ಕೆ ತಿರುಚಿ ಕಚ್ಚಿಸಿದ ಗಾಳ ಎಡಕ್ಕೆ ತಿರುಗಿದರೆ ಬಾಯಿ ಬಿಟ್ಟುಬಿಡುತ್ತದೆ. ಮೇಲಿನ ಪೈಪನ್ನು ಗುಂಡಯ್ಯ ಬಿಚ್ಚುವಾಗಲೆಲ್ಲ ಕೆಳಗಿನದನ್ನು ಇನ್ನಾಸಪ್ಪ ಉದ್ದ ಹಿಡಿಯ ಪಾನಾದಿಂದ ಕದಲದಂತೆ ಹಿಡಿಯಬೇಕು. ಪಾನಾ ಬಿಟ್ಟರೆ ಮೋಟಾರು ಮತ್ತೆ ತಳಕ್ಕೆ, ಪಾನಾದ ಹಿಡಿ ಬೀಸಿ ಹೊಡೆದರೆ ಮೊಣಕಾಲು ಎರಡು ತುಂಡು. "ಇಡ್ಕಂಡ್ಯಾ?" ಎಂದು ಗುಂಡಯ್ಯ ಕೇಳಿದ. "ಇಡ್ಕಂಡೆ" ಎಂದ ಇನ್ನಾಸಪ್ಪ. ಹನ್ನೊಂದು ವರ್ಷದ ಮೇಲೆ ಆ ಎರಡು ಮಾತು ಮೊದಲ ಸಲ ಆಡಿದ್ದು. ಹಾಗೆ ಐದು ಪೈಪು ಹೊರಬಂದವು.

ಆರನೆಯದು ಅರ್ಧ ಬಿಚ್ಚಿದಾಗ ಗುಂಡಯ್ಯ ಸಿದ್ದರಾಜುವನ್ನು ಗಂಟೆ ಎಷ್ಟೆಂದು ಕೇಳಿದ. ಮೂರಾಯಿತು ಎಂದ ಸಿದ್ದರಾಜು. ಗುಂಡಯ್ಯ ತನ್ನ ಪಾನಾವನ್ನು ನೆಲಕ್ಕಿಟ್ಟ, ಕೈ ಒರೆಸಿಕೊಂಡ, ಹತ್ತು ಹೆಜ್ಜೆ ನಡೆದು ತೆಂಗಿನ ನೆರಳಲ್ಲಿ ಕೂತು ಎಲೆಅಡಿಕೆಯ ಚೀಲ ಬಿಚ್ಚಿದ.

ನೀರು ಕುಡಿಯಲು ಹೋದನೇನೋ ಎಂದುಕೊಂಡ ಇನ್ನಾಸಪ್ಪ. ತಿರುಚಿದ ಪೈಪಿನ ಸಾಲು ಬಿಚ್ಚಿಕೊಳ್ಳಲು ನೋಡುತ್ತ ಪಾನಾವನ್ನು ಎಡಕ್ಕೆ ಒತ್ತುತ್ತಿತ್ತು, ಅದನ್ನು ತೊಡೆ ಕೊಟ್ಟು ತಡೆದ. ಗುಂಡಯ್ಯ ಒಂದು ಎಲೆ ತೆಗೆದು ತೊಡೆಯ ಮೇಲೆ ಒರೆಸಿ, ತೊಟ್ಟು ಮುರಿದು, ಮೂರು ಬೆರಳಿನಿಂದ ನಿಧಾನವಾಗಿ ಸುಣ್ಣ ಸವರಿದ. ಬಿಟ್ಟುಹೋದದ್ದು ಬೇಕೆಂದೇ ಎಂದು ಆಗ ಇನ್ನಾಸಪ್ಪನಿಗೆ ಅರ್ಥವಾಯಿತು.

ಸಿದ್ದರಾಜು ಗಾಬರಿಯಿಂದ ಬಾಯಿ ತೆರೆದ. ಲಿವರ್ ಬಿಟ್ಟು ಅವನು ಇಳಿಯುವಂತಿರಲಿಲ್ಲ. ಗುಂಡಯ್ಯ ಸುಮ್ಮನಿರು ಎಂಬಂತೆ ಅವನ ಕಡೆ ಕೈ ತೋರಿಸಿದ. ಧರಣೇಂದ್ರಯ್ಯ ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿ ಇದ್ದಲ್ಲೇ ನಿಂತರು. ಆ ಬೆರಳಿನ ಕಥೆ ಅವರಿಗೂ ಗೊತ್ತಿತ್ತು.

ಅಂತೋಣಿಯಪ್ಪಾ ಎಂದು ಇನ್ನಾಸಪ್ಪ ಒಳಗೊಳಗೇ ಕರೆದ. ಮಾತೆ ಮರಿಯಳನ್ನು ಕರೆದ. ಈಗ ಚರ್ಚಿನಲ್ಲಿ ಬೇರೆ ಯಾರೋ ಶಿಲುಬೆ ಹಿಡಿದು ನಿಂತಿರುತ್ತಾರೆ, ಜನ ಸಾಲಾಗಿ ಬಂದು ಬಾಗುತ್ತಿರುತ್ತಾರೆ. ಬೆವರಿಗೆ ಹಿಡಿ ಜಾರಿ ಪಾನಾ ಒಂದು ಬೆರಳಿನಷ್ಟು ಎಡಕ್ಕೆ ಸರಿಯಿತು, ಕೆಳಗೆ ಆಳದಲ್ಲಿ ಕಬ್ಬಿಣ ಕಿರ್ ಎಂದಿತು. ಇನ್ನೊಂದು ಬೆರಳು ಸರಿದರೆ ಮುಗಿಯಿತು. ದೇವರನ್ನು ಕರೆಯುವುದು ಎಷ್ಟು ಸುಲಭವಾಗಿತ್ತು, ಹತ್ತು ಹೆಜ್ಜೆ ಆಚೆ ಕೂತವನನ್ನು ಕರೆಯಲು ನಾಲಿಗೆ ಹೊರಳುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಬೇಲಿಯ ಹತ್ತಿರ ಸೈಕಲ್ಲಿನ ಮೇಲೆ ತನ್ನ ಬೆನ್ನಿಗೆ ಬಿದ್ದ ಕೂಗು ಇವತ್ತಿನದೆಂಬಂತೆ ಕಿವಿಯಲ್ಲಿ ಮೊಳಗಿತು.

"ಗುಂಡಣ್ಣ," ಎಂದ. ಮತ್ತೆ ಕೂಗಿದ. "ಗುಂಡಣ್ಣಾ, ಇಡ್ಕಳಣ್ಣ. ನನ್ ಕೈಲಾಗಾಕಿಲ್ಲ."

ಗುಂಡಯ್ಯ ಎಲೆ ಮಡಿಸುವುದನ್ನು ನಿಲ್ಲಿಸಿದ. ತಲೆಯೆತ್ತಲಿಲ್ಲ.

"ಅವತ್ತು ನಾನು ಕೂಗಿದ್ದು ಕೇಳಿಸ್ತಾ?"

ಪಾನಾ ಇನ್ನೊಂದು ಕೂದಲೆಳೆ ಸರಿಯಿತು. ಧರಣೇಂದ್ರಯ್ಯ ಕೇಳಿಸಿಕೊಳ್ಳುತ್ತಿದ್ದರು, ಸಿದ್ದರಾಜು ಕೇಳಿಸಿಕೊಳ್ಳುತ್ತಿದ್ದ. ನಾಳೆ ಇದು ಚನ್ನರಾಯಪಟ್ಟಣದ ತುಂಬ ಹರಡುತ್ತದೆ.

"ಕೇಳಿಸ್ತು," ಎಂದ ಇನ್ನಾಸಪ್ಪ. "ಚೆನ್ನಾಗ್ ಕೇಳಿಸ್ತು ಕಣಣ್ಣ. ಆದ್ರೂ ಬುಟ್ಟು ಓದೆ."

ಗುಂಡಯ್ಯ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಚೀಲದ ಮೇಲಿಟ್ಟ. ಎದ್ದು ಪಂಚೆ ಎತ್ತಿ ಕಟ್ಟಿಕೊಂಡು ಬಂದ. ಮುಖದ ಮೇಲೆ ಕರುಣೆಯೇನೂ ಇರಲಿಲ್ಲ, ಗೆದ್ದ ಖುಷಿಯೂ ಇರಲಿಲ್ಲ. ಪಾನಾದ ಹಿಡಿಗೆ ತನ್ನ ತೊಡೆ ಒತ್ತಿ, ಇನ್ನಾಸಪ್ಪನ ಕೈಯ ಕೆಳಗೆ ಬಲಗೈಯಿಂದ ಬಿಗಿಯಾಗಿ ಹಿಡಿದ. ಸರಿದ ಪಾನಾ ಬಲಕ್ಕೆ ವಾಪಸು ಬಂತು.

"ಇಡ್ಕಂಡೆ," ಎಂದ. "ಬುಡು."

ಇನ್ನಾಸಪ್ಪ ಬಿಡಲು ನೋಡಿದ. ಬೆರಳುಗಳು ಕಬ್ಬಿಣಕ್ಕೆ ಸುತ್ತಿಕೊಂಡು ಮರಗಟ್ಟಿದ್ದವು, ಎಷ್ಟು ಹೇಳಿದರೂ ತೆರೆಯುತ್ತಿರಲಿಲ್ಲ. ಗುಂಡಯ್ಯ ಸ್ವಲ್ಪ ಹೊತ್ತು ಕಾದ. ಆಮೇಲೆ ಎಡಗೈ ಚಾಚಿ, ಆ ಮೂರು ಬೆರಳಿನಿಂದ ಇನ್ನಾಸಪ್ಪನ ಬೆರಳುಗಳನ್ನು, ಕಿರುಬೆರಳಿನಿಂದ ಶುರುಮಾಡಿ, ಒಂದೊಂದಾಗಿ ಬಿಡಿಸತೊಡಗಿದ.